ಕೆರೆ ಮೀನಿನ ಲೆಕ್ಕ: ಪಾಶುವಾರು, ಮರಿ, ಬಲೆ, ಮಾರಾಟ – ಮಂಡ್ಯ, ಮೈಸೂರು ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಮೀನಿನಲ್ಲಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರ ನಷ್ಟ ಪಾಶುವಾರನ್ನು, ಅಂದರೆ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆಯನ್ನು, ಹರಾಜಿನಲ್ಲಿ ಕೂಗಿದ ದಿನವೇ ಗೊತ್ತಾಗಿರುತ್ತದೆ. ಬಲೆ ಎಳೆಯುವ ದಿನ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ಹಾಗಾಗಿ ಇಲ್ಲಿ ಹರಾಜಿನಿಂದಲೇ ಶುರು ಮಾಡಿದ್ದೇವೆ. ದರ, ಕೂಲಿ, ಮರಿಯ ಬೆಲೆ ಎಂದು ಕೊಟ್ಟಿರುವ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ಆ ಜಾಗದಲ್ಲಿ ನಿಮ್ಮೂರಿನ ಇವತ್ತಿನ ದರ ಹಾಕಿಕೊಂಡು ಮತ್ತೆ ಕೂಡಿ ಕಳೆಯಿರಿ.

ಪಾಶುವಾರು ಹಿಡಿದರೆ ಕೆರೆಯಲ್ಲಿ ನನಗೆ ಏನೇನು ಸೇರುತ್ತದೆ?

ಮೀನು ಹಿಡಿಯುವ ಹಕ್ಕು. ಅದೊಂದೇ. ನೀರು, ಹೂಳು, ಏರಿಯ ಮೇಲಿನ ಮರ, ಅಂಗಳದ ಹುಲ್ಲು ಯಾವುದೂ ನಿಮ್ಮದಲ್ಲ. ನೀರಿನ ಮೊದಲ ಹಕ್ಕು ಅಚ್ಚುಕಟ್ಟಿನ ರೈತರದು. ಮಾರ್ಚ್‌ನಲ್ಲಿ ತೂಬು ಎತ್ತಿ ಕೆರೆ ಬರಿದು ಮಾಡಿದರೂ ‘ಮೀನು ಇನ್ನೂ ಬಲಿತಿಲ್ಲ, ನಿಲ್ಲಿಸಿ’ ಎನ್ನಲು ನಿಮಗೆ ಬಾಯಿಲ್ಲ. ಕರಾರು ಪತ್ರದಲ್ಲಿ ಈ ಷರತ್ತು ಎಲ್ಲಿದೆ ಎಂದು ಹುಡುಕಿ ಓದಿ, ಆಮೇಲೆ ಸಹಿ ಹಾಕಿ.

ದೊಡ್ಡ ಕೆರೆ, ಜಲಾಶಯಗಳ ಹಕ್ಕನ್ನು ಮೀನುಗಾರಿಕೆ ಇಲಾಖೆ ಕೊಡುತ್ತದೆ, ಊರ ಸಣ್ಣ ಕೆರೆಗಳದ್ದನ್ನು ಗ್ರಾಮ ಪಂಚಾಯಿತಿ. ಎರಡಕ್ಕೂ ಮೇಲೆ ನಿಂತಿರುವ ಕಾನೂನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ. ನಿಮ್ಮ ಕೆರೆ ಯಾರ ಪಟ್ಟಿಯಲ್ಲಿದೆ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿಕೊಳ್ಳಿ. ಬೆಸ್ತರ ಸಹಕಾರ ಸಂಘ ಇರುವ ಕಡೆ ಮೊದಲು ಸಂಘದವರ ಜೊತೆ ಕೂತು ಮಾತಾಡಿ. ಬಲೆ ಬಲ್ಲವರು ಅವರೇ. ಕೆರೆ ಯಾರ ಹೆಸರಿಗಾದರೂ ಕೊನೆಗೆ ನೀರಿಗಿಳಿಯುವವರು ಅವರು.

ಹರಾಜಿನಲ್ಲಿ ಎಷ್ಟರವರೆಗೆ ಕೂಗಬಹುದು?

ತುಂಬಿದ ಕೆರೆಯ ಅಳತೆ ನೋಡಿ ಕೂಗಬೇಡಿ. ಪಹಣಿಯಲ್ಲಿ 20 ಹೆಕ್ಟೇರ್ ಎಂದಿದ್ದರೂ ವರ್ಷದ ಸರಾಸರಿ ನೀರು ಅದರ ಅರ್ಧಕ್ಕೆ, ಅಂದರೆ 10 ಹೆಕ್ಟೇರಿಗೆ, ಸಮ ಎಂದುಕೊಳ್ಳಿ. ಹೆಕ್ಟೇರಿಗೆ 3,000ದಂತೆ 30,000 ಬಲಿತ ಮರಿ ಬಿಟ್ಟಿರಿ. ಮರಿ ತಿನ್ನುವ ಕೊರವ, ಬಾಳೆ ಮೀನು, ಹಕ್ಕಿ, ಕೋಡಿ, ಕಳ್ಳಬಲೆ ಎಲ್ಲ ಕಳೆದು ನೂರಕ್ಕೆ 40 ಉಳಿದರೆ 12,000 ಮೀನು. ಎಂಟೊಂಬತ್ತು ತಿಂಗಳಲ್ಲಿ ಸರಾಸರಿ 700 ಗ್ರಾಂ ಬಂದರೆ 8,400 ಕೆಜಿ. ಇದ್ದದ್ದೆಲ್ಲ ಬಲೆಗೆ ಬರುವುದಿಲ್ಲ; ಕೆಸರಲ್ಲಿ ಉಳಿದದ್ದು, ಊರವರು ಕೊನೆಯ ದಿನ ಬಾಚಿದ್ದು ಎಂದು ನೂರಕ್ಕೆ 15 ತೆಗೆಯಿರಿ. ತಕ್ಕಡಿಗೆ ಬರುವುದು 7,140 ಕೆಜಿ. ಏರಿ ಮೇಲಿನ ಸಗಟು ದರ ಕೆಜಿಗೆ 110 ರೂ. ಎಂದರೆ 7,85,400 ರೂ.

ಈಗ ಖರ್ಚು. ಮರಿ ಮತ್ತು ಸಾಗಣೆ ಒಂದಕ್ಕೆ 3 ರೂ.ನಂತೆ 90,000. ಹಿಡಿಯುವ ಕೂಲಿ ಕೆಜಿಗೆ 25ರಂತೆ 1,78,500. ಒಬ್ಬ ಕಾವಲುಗಾರ ಒಂಬತ್ತು ತಿಂಗಳು, 90,000. ಐಸು, ಕ್ರೇಟು, ವ್ಯಾನು, ಬಲೆ ರಿಪೇರಿ 60,000. ಒಟ್ಟು 4,18,500. ಉಳಿದದ್ದು 3,66,900 ರೂ.

ಇಲ್ಲಿಗೆ ನಿಲ್ಲಿಸಿ ‘ಮೂರು ಲಕ್ಷಕ್ಕೆ ಕೂಗಿದರೂ ಅರವತ್ತು ಸಾವಿರ ಲಾಭ’ ಎಂದುಕೊಂಡರೆ ಕೈ ಕಚ್ಚುತ್ತದೆ. ಅದೇ ಲೆಕ್ಕವನ್ನು ಮರಿ ನೂರಕ್ಕೆ 40ರ ಬದಲು 25 ಉಳಿದರೆ ಎಂದು ಇನ್ನೊಮ್ಮೆ ಹಾಕಿ. 7,500 ಮೀನು, ಸೋರಿಕೆ ಕಳೆದು ಸುಮಾರು 4,460 ಕೆಜಿ, 4.91 ಲಕ್ಷ ರೂ. ಹಿಡಿಯುವ ಕೂಲಿ ತೂಕದ ಜೊತೆ ಇಳಿಯುತ್ತದೆ, ಮಿಕ್ಕ ಖರ್ಚು ಇಳಿಯುವುದಿಲ್ಲ, ಒಟ್ಟು 3.52 ಲಕ್ಷ. ಕೈಯಲ್ಲಿ ಉಳಿಯುವುದು ಸುಮಾರು 1.39 ಲಕ್ಷ. ಮರಿಯ ಉಳಿಕೆ ನೂರಕ್ಕೆ ಹದಿನೈದು ಕುಸಿದದ್ದಕ್ಕೆ ಮಿಗುವ ಹಣ ಅರ್ಧಕ್ಕಿಂತ ಕೆಳಗೆ ಬಿತ್ತು. ನಿಮ್ಮ ಕೂಗು ಈ ಎರಡನೆಯ ಅಂಕಿಯ ಆಸುಪಾಸಿನಲ್ಲಿ ನಿಲ್ಲಬೇಕು. ಒಳ್ಳೆಯ ವರ್ಷದ ಹೆಚ್ಚುವರಿಯೇ ನಿಮ್ಮ ದುಡಿಮೆಯ ಪ್ರತಿಫಲ. ಅದನ್ನು ಹರಾಜಿನಲ್ಲೇ ಪಂಚಾಯಿತಿಗೆ ಕೊಟ್ಟುಬಿಟ್ಟರೆ ಕೆಟ್ಟ ವರ್ಷಕ್ಕೆ ಏನೂ ಉಳಿಯದು.

ಬಡ್ಡಿಯನ್ನು ನಾವು ಸೇರಿಸಿಲ್ಲ. ಕೈಸಾಲ ತಿಂಗಳಿಗೆ ನೂರಕ್ಕೆ 2 ಎಂದರೆ ಎರಡು ಲಕ್ಷಕ್ಕೆ ಒಂಬತ್ತು ತಿಂಗಳಿಗೆ 36,000 ರೂ. ಅದೂ ಈ 1.39 ಲಕ್ಷದಿಂದಲೇ ಹೋಗಬೇಕು.

ಪಕ್ಕದ ಊರಿನವರು ಇದರ ದುಪ್ಪಟ್ಟು ಕೂಗಿದರು. ಅವರಿಗೆ ಹೇಗೆ ಗಿಟ್ಟುತ್ತದೆ?

ಕೆಲವರಿಗೆ ಗಿಟ್ಟುತ್ತದೆ. ಮೈಸೂರಿನಲ್ಲಿ ಸ್ವಂತ ಅಂಗಡಿ ಇದ್ದವರಿಗೆ 110 ರೂ. ಮೀನು 180ಕ್ಕೆ ಹೋಗುತ್ತದೆ. ಮನೆಯವರೇ ಬಲೆ ಹಾಕುವ ಕುಟುಂಬಕ್ಕೆ ಹಿಡಿಯುವ ಕೂಲಿ ಮನೆಯಲ್ಲೇ ಉಳಿಯುತ್ತದೆ. ಹಿಂದಿನ ಗುತ್ತಿಗೆಯ ಮೀನು ಕೆರೆಯಲ್ಲಿ ಎಷ್ಟು ಮಿಕ್ಕಿದೆ ಎಂದು ಬಲ್ಲವರೂ ಇರುತ್ತಾರೆ. ಮಿಕ್ಕವರದ್ದು ಜಿದ್ದು. ಜಿದ್ದಿನವರ ಎದುರು ಕೂಗಿ ಗೆದ್ದರೂ ಸೋತಂತೆಯೇ.

ಎಷ್ಟು ತಿಂಗಳು ನೀರು ನಿಲ್ಲುವ ಕೆರೆ ಬೇಕು?

ಎಂಟು ತಿಂಗಳು ನಿಂತರೆ ನಿಶ್ಚಿಂತೆ, ಆರು ನಿಂತರೆ ನಡೆದೀತು. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಹೆಚ್ಚು ಹಾಕಿ, ಅರ್ಧ ಕೆಜಿ ಮೀನಿಗೆ ತೃಪ್ತಿಪಡಬೇಕು.

ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕೆರೆಗಳಿಗೆ ಗದ್ದೆಯ ಬಸಿ ನೀರೇ ಆಧಾರ. ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟ ವರ್ಷ ಇವು ಮಳೆ ಕೈಕೊಟ್ಟರೂ ತಡೆಯುತ್ತವೆ. ಕೆಆರ್‌ಎಸ್ ತುಂಬದೆ ಬೇಸಿಗೆ ಬೆಳೆಗೆ ನೀರು ಬಿಡದ ವರ್ಷ ಫೆಬ್ರುವರಿಗೇ ತಳ ಕಾಣುತ್ತದೆ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಹೇಮಾವತಿ ನಾಲೆಯಿಂದ ತುಂಬಿಸುವ ಕೆರೆಗೂ ಬರೀ ಮಳೆ ನಂಬಿದ ಕೆರೆಗೂ ಅಜಗಜಾಂತರ. ತೊಣ್ಣೂರು ಕೆರೆಯಂಥ ಆಳದ ಕೆರೆಗಳ ಕಥೆಯೇ ಬೇರೆ. ಅಲ್ಲಿ ನೀರಿನ ಚಿಂತೆಯಿಲ್ಲ, ಮೀನನ್ನು ಬಲೆಗೆ ತರುವುದೇ ಕಷ್ಟ. ಹರಾಜಿಗೆ ಮೊದಲು ತೂಬು ನೋಡಿಕೊಳ್ಳುವ ನೀರುಗಂಟಿಯನ್ನು ಹಿಡಿದು ಕಳೆದ ಐದು ವರ್ಷ ಯಾವ ತಿಂಗಳು ತೂಬು ಬತ್ತಿತು ಎಂದು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿಲ್ಲ.

ಸಣ್ಣ ಮರಿ ಅಗ್ಗ ಸಿಗುತ್ತದೆ. ಅದನ್ನೇ ಹೆಚ್ಚು ಬಿಟ್ಟರೆ ಆಗದೆ?

ಕೊಳದಲ್ಲಿ ಆದೀತು, ಕೆರೆಯಲ್ಲಿ ಆಗದು. 20–25 ಮಿ.ಮೀ. ಮರಿ ಕೊರವನಿಗೆ ಒಂದು ತುತ್ತು. 80–100 ಮಿ.ಮೀ., ಅಂದರೆ ತೋರುಬೆರಳಿನಷ್ಟು ಉದ್ದದ ಮರಿ ಅರ್ಧದಷ್ಟು ಶತ್ರುಗಳ ಬಾಯಿಗೆ ಹಿಡಿಸುವುದಿಲ್ಲ. ಮರಿಯ ಬೆಲೆಯನ್ನು ಬಿಟ್ಟ ಲೆಕ್ಕಕ್ಕೆ ಭಾಗಿಸಬೇಡಿ, ಉಳಿದ ಲೆಕ್ಕಕ್ಕೆ ಭಾಗಿಸಿ. ಐವತ್ತು ಪೈಸೆಯ ಮರಿ ನೂರಕ್ಕೆ 5 ಉಳಿದರೆ ಉಳಿದ ಒಂದಕ್ಕೆ ಬಿದ್ದದ್ದು 10 ರೂ.; ಮೂರು ರೂಪಾಯಿಯದು ನೂರಕ್ಕೆ 40 ಉಳಿದರೆ ಏಳೂವರೆ ರೂ.

ಇನ್ನೊಂದು ಉಪಾಯವಿದೆ. ಕೆರೆ ಹತ್ತಿರ ನಿಮ್ಮದೇ ಹತ್ತು ಗುಂಟೆ ಗುಂಡಿ ಇದ್ದರೆ ಜುಲೈನಲ್ಲಿ ಸಣ್ಣ ಮರಿ ತಂದು ಎರಡು ಮೂರು ತಿಂಗಳು ಅಲ್ಲಿ ಸಾಕಿ. ಸಣ್ಣ ಮರಿ ಬೆರಳುದ್ದ ಆಗುವಾಗ ನೂರಕ್ಕೆ 60–70 ಉಳಿಯುತ್ತದೆ. ಆ ಹೊತ್ತಿಗೆ ಕೆರೆಯ ಮೊದಲ ಕೋಡಿಯೂ ಹರಿದು ಮುಗಿದಿರುತ್ತದೆ.

ಗೆಂಡೆ ಜಾತಿಯವೇ ಆದ ಕಾಟ್ಲಾ, ರೋಹು, ಮೃಗಾಲ ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನಲ್ಲಿ ಹಾರ್ಮೋನ್ ಚುಚ್ಚಿ ಮರಿ ಮಾಡಿಸಬೇಕು. ಡಾ. ಹೀರಾಲಾಲ್ ಚೌಧರಿ 1957ರ ಜುಲೈ 10ರಂದು ಇದನ್ನು ಸಾಧಿಸಿದ್ದರಿಂದಲೇ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಿಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಈ ಮೂರರ ಹೊಸ ಮರಿ ಸಿಗುವುದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಜನವರಿಯಲ್ಲಿ ಯಾರಾದರೂ ‘ಹೊಸ ಮರಿ’ ಎಂದು ತಂದರೆ ಅದು ಸಾಮಾನ್ಯ ಗೆಂಡೆಯದು, ಇಲ್ಲವೇ ಮಳೆಗಾಲದ್ದೇ ಬೆಳವಣಿಗೆ ಕುಂಠಿತವಾದ ಮರಿ. ಎರಡನೆಯದು ಅನ್ನ ಸಿಕ್ಕ ಕೂಡಲೇ ಚೆನ್ನಾಗಿ ಬೆಳೆಯುತ್ತದೆ, ಕೀಳೆಂದು ತಳ್ಳಬೇಕಿಲ್ಲ.

ಮರಿ ಎಣಿಸಿಕೊಳ್ಳುವುದು, ಬಿಡುವುದು ಹೇಗೆ?

ಎಣಿಕೆ ಲೋಟದ ಲೆಕ್ಕದಲ್ಲಿ ನಡೆಯುತ್ತದೆ. ತೂತಿನ ಲೋಟದಲ್ಲಿ ಮೊದಲನೆಯದು, ನಡುವಿನದು, ಕೊನೆಯದು ಹೀಗೆ ಮೂರನ್ನು ಬಿಡಿ ಬಿಡಿಯಾಗಿ ಎಣಿಸಿ ಸರಾಸರಿ ತೆಗೆಯಿರಿ. ಮಾರುವವರು ಮೊದಲ ಲೋಟವನ್ನು ಮಾತ್ರ ಎಣಿಸಿ ತೋರಿಸುವುದು ವಾಡಿಕೆ, ಅದು ಯಾವಾಗಲೂ ಗಿಡಿದು ತುಂಬಿರುತ್ತದೆ. ಪ್ಯಾಕ್ ಮಾಡುವ ಹಿಂದಿನ ದಿನ ಮರಿಗೆ ಆಹಾರ ಹಾಕಿರಬಾರದು. ಹೊಟ್ಟೆ ತುಂಬಿದ ಮರಿ ಚೀಲದ ನೀರನ್ನು ಹೊಲಸು ಮಾಡಿ ದಾರಿಯಲ್ಲೇ ಸಾಯುತ್ತದೆ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ.

ಕೆರೆಗೆ ಬಂದ ಮೇಲೆ ಚೀಲ ಬಿಚ್ಚದೆ 15–20 ನಿಮಿಷ ನೀರಿನ ಮೇಲೆ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಕೆರೆ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಚೀಲ ವಾಲಿಸಿ, ಮರಿ ತಾನಾಗಿ ಈಜಿ ಹೋಗಲಿ. ಫೋಟೋಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಏರಿ ಮೇಲಿಂದ ಸುರಿಯುವುದನ್ನು ನೋಡಿದ್ದೇವೆ; ಅದರಲ್ಲಿ ಎಷ್ಟು ಬದುಕಿದವು ಎಂದು ಮರುದಿನ ದಡದಲ್ಲಿ ನೋಡಲು ಯಾರೂ ಹೋಗುವುದಿಲ್ಲ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಡಿ. ತೂಬಿನ ಬಳಿ, ಕೋಡಿಯ ಬಳಿ ಬೇಡ.

ಯಾವ ಮೀನು ಎಷ್ಟು ಪಾಲು?

ಮೇಲು ನೀರಿಗೆ ಕಾಟ್ಲಾ 40, ನಡು ನೀರಿಗೆ ರೋಹು 30, ತಳಕ್ಕೆ ಮೃಗಾಲ ಮತ್ತು ಸಾಮಾನ್ಯ ಗೆಂಡೆ ಸೇರಿ 30 ಎಂಬುದು ಸಾಧಾರಣ ಲೆಕ್ಕ. ಆಳ ಕಡಿಮೆ, ಕೆಸರು ಹೆಚ್ಚಿರುವ ಕೆರೆಯಲ್ಲಿ ಗೆಂಡೆಯ ಪಾಲು ಏರಿಸಿ. ಆದರೆ ಗೆಂಡೆ ಏರಿಯ ಬುಡದ ಮಣ್ಣು ಕೆದಕುತ್ತದೆ ಎಂಬುದು ನೆನಪಿರಲಿ. ಜೊಂಡು, ನೀರಹುಲ್ಲು ತುಂಬಿದ್ದರೆ ಹೆಕ್ಟೇರಿಗೆ ನೂರಿನ್ನೂರು ಹುಲ್ಲುಗೆಂಡೆ ಸಾಕು.

ಜಿಲೇಬಿ (ತಿಲಾಪಿಯಾ) ಮೀನನ್ನು ನೀವು ಬಿಡಬೇಕಿಲ್ಲ, ಅದು ಆಗಲೇ ಅಲ್ಲಿದೆ. ಮೂರು ತಿಂಗಳಿಗೇ ಮರಿ ಹಾಕುವ ಈ ಮೀನು ಕೆರೆ ತುಂಬಿಕೊಂಡು ಗೆಂಡೆಗಳ ಅನ್ನ ಕಸಿಯುತ್ತದೆ. ಅದನ್ನು ವಾರವಾರ ಬೀಸುಬಲೆಯಲ್ಲಿ ಹಿಡಿದು ಮಾರಿ. ಕಾವಲುಗಾರನ ಸಂಬಳ ಅದರಲ್ಲೇ ಹುಟ್ಟುವ ಕೆರೆಗಳಿವೆ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ. ಕೋಳಿ ತ್ಯಾಜ್ಯ ಹಾಕಿ ಸಾಕುವ ಗುಂಡಿಗಳನ್ನು ಅಧಿಕಾರಿಗಳು ಮುಚ್ಚಿಸುತ್ತಾರೆ. ಕೋಡಿಯಲ್ಲಿ ತಪ್ಪಿಸಿಕೊಂಡು ಕಾವೇರಿ ಸೇರಿದರೆ ನಮ್ಮ ನಾಡಮೀನು ಉಳಿಯುವುದಿಲ್ಲ.

ಕೋಡಿ ಬಿದ್ದಾಗ ಮೀನು ಹೋಗದಂತೆ ಏನು ಮಾಡಬೇಕು?

ಬಿದಿರಿನ ತಟ್ಟಿ ಅಥವಾ ಜಾಲರಿ ಕಟ್ಟುತ್ತಾರೆ. ಕೋಡಿಯ ಬಾಯಿಗೇ ನೇರ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ಮಳೆಯ ಮೊದಲ ರಭಸಕ್ಕೆ ಅಂತರಗಂಗೆ, ಕಸ, ಪ್ಲಾಸ್ಟಿಕ್ ಬಂದು ಅಂಟಿ, ನೀರು ಏರಿ, ತಟ್ಟಿ ಕಿತ್ತು ಹೋಗುತ್ತದೆ. ಕಿತ್ತು ಹೋದರೆ ನಿಮ್ಮ ಪುಣ್ಯ. ಹೋಗದೆ ನಿಂತರೆ ಏರಿಯ ಮೇಲೆ ಒತ್ತಡ ಬಿದ್ದು ಕೆರೆಯೇ ಒಡೆದೀತು, ಕೇಸು ನಿಮ್ಮ ಮೇಲೆ. ಕೋಡಿಯಿಂದ ಎಂಟು ಹತ್ತು ಮೀಟರ್ ಒಳಗೆ, ಅರ್ಧ ಚಂದ್ರಾಕಾರವಾಗಿ, ಕೋಡಿಯ ಅಗಲಕ್ಕಿಂತ ಮೂರು ಪಟ್ಟು ಉದ್ದಕ್ಕೆ ಕಟ್ಟಿ. ಹರಿವಿನ ವೇಗ ಅಷ್ಟರಮಟ್ಟಿಗೆ ತಗ್ಗುತ್ತದೆ. ಮಳೆಯ ರಾತ್ರಿ ಇಬ್ಬರು ಕಸ ಬಳಿಯಲು ಇರಲೇಬೇಕು. ಕಟ್ಟುವ ಮೊದಲು ಕೆರೆಯ ಇಂಜಿನಿಯರ್‌ಗೆ ತಿಳಿಸಿ, ಬರವಣಿಗೆಯಲ್ಲಿ.

ಹೆಜ್ಜಾರ್ಲೆ, ನೀರುಕಾಗೆ ಮರಿ ತಿನ್ನುತ್ತವೆ. ಓಡಿಸಬಹುದೆ?

ಗದ್ದಲ ಮಾಡಿ ಓಡಿಸಬಹುದು, ಕೊಲ್ಲುವಂತಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು 2007ರಿಂದ ಸಮುದಾಯ ಮೀಸಲು ಪ್ರದೇಶ. ಅಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳು ಸುತ್ತಲಿನ ಕೆರೆಗಳಿಗೇ ಊಟಕ್ಕೆ ಬರುತ್ತವೆ. ಆ ಕಡೆಯ ಕೆರೆಗೆ ಕೂಗುವವರು ಹಕ್ಕಿಯ ಪಾಲನ್ನು ಕಳೆದೇ ಕೂಗಬೇಕು. ರಂಗನತಿಟ್ಟು ಪಕ್ಷಿಧಾಮದ ಮೇರೆಯಲ್ಲಂತೂ ಬಲೆ ಮುಟ್ಟುವ ಹಾಗೇ ಇಲ್ಲ.

ಒಂದು ಎಕರೆ ಕೊಳದಲ್ಲಿ ಆಹಾರ ಹಾಕಿ ಸಾಕಿದರೆ ಎಷ್ಟು ಮಿಗುತ್ತದೆ?

ಕೊಳ ಒಣಗಿಸಿ, ತಳ ಬಿರುಕು ಬಿಟ್ಟ ಮೇಲೆ 80–120 ಕೆಜಿ ಸುಣ್ಣ ಹರಡಿ. ವಾರ ಬಿಟ್ಟು 800–1,000 ಕೆಜಿ ಹಸಿ ಸಗಣಿ ಹಾಕಿ ನೀರು ಕಟ್ಟಿ. ಒಣಗಿಸಲಾಗದ ಕೊಳದಲ್ಲಿ ಕೊರವ, ಜಿಲೇಬಿ ತೆಗೆಯಲು ಒಂದು ಮೀಟರ್ ಆಳಕ್ಕೆ ಎಕರೆಗೆ ಸುಮಾರು 1,000 ಕೆಜಿ ಹಿಪ್ಪೆ ಹಿಂಡಿ ಬೇಕು. ಅದರ ವಿಷ ಇಳಿಯಲು ಎರಡು ಮೂರು ವಾರ ಹಿಡಿಯುತ್ತದೆ, ಆಮೇಲೆ ಅದೇ ಗೊಬ್ಬರವಾಗುತ್ತದೆ. ನೀರು ತಿಳಿಹಸಿರಿಗೆ ತಿರುಗಬೇಕು. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮಂಕಾಗಿ ಕಂಡರೆ ಸರಿ. ಮಣಿಕಟ್ಟಿಗೇ ಕಾಣದಾದರೆ ಗೊಬ್ಬರ ನಿಲ್ಲಿಸಿ.

2,500 ಬಲಿತ ಮರಿ ಬಿಟ್ಟು 2,000 ಉಳಿದು, ತಲಾ 900 ಗ್ರಾಂ ಬಂದರೆ 1,800 ಕೆಜಿ. ತೇಲುವ ಗುಳಿಗೆ ಆಹಾರ ಒಂದು ಕೆಜಿ ಮೀನಿಗೆ 1.6 ಕೆಜಿಯಂತೆ 2,880 ಕೆಜಿ, 45 ರೂ. ದರದಲ್ಲಿ 1,29,600 ರೂ. ಮೀನು ಬಿಡಿಯಾಗಿ 120ಕ್ಕೆ ಮಾರಿದರೆ 2,16,000 ರೂ. ಅಂದರೆ ಬಂದ ನೂರು ರೂಪಾಯಿಯಲ್ಲಿ 60 ಆಹಾರಕ್ಕೇ ಹೋಯಿತು. 1.6 ಎಂಬುದು 2.2 ಆದರೆ ಲಾಭ ಹೆಚ್ಚುಕಡಿಮೆ ಮಾಯ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಐವತ್ತು ಮೀನು ಹಿಡಿದು ತೂಗಿ, ತೂಕ ನೋಡಿ ಆಹಾರ ನಿಗದಿ ಮಾಡಿ. ಮರಿಗೆ ಮೈತೂಕದ ನೂರಕ್ಕೆ 5, ಬೆಳೆದದ್ದಕ್ಕೆ 1ರಿಂದ 2. ಮೋಡ ಕವಿದ ದಿನ ಅರ್ಧ ಹಾಕಿ, ಇಲ್ಲವೇ ನಿಲ್ಲಿಸಿ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಪಾಲು ಬೆರೆಸಿ ಹಾಕುವವರು ಅದನ್ನು ಎರಚಬೇಡಿ. ತೂತು ಮಾಡಿದ ಗೊಬ್ಬರದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ. ತಿಂದಷ್ಟು ಖಾಲಿ, ತಿನ್ನದ್ದು ಚೀಲದಲ್ಲೇ ಕಾಣುತ್ತದೆ.

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ರೋಗವೆ?

ಉಸಿರು ಕಟ್ಟಿರುವುದು. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ನಸುಕಿನ ನಾಲ್ಕೈದು ಗಂಟೆಗೆ ಅತಿ ಕಡಿಮೆ. ಕೂಡಲೇ ಪಂಪು ಹಚ್ಚಿ ಕೊಳದ ನೀರನ್ನೇ ಎತ್ತರದಿಂದ ಚಿಮ್ಮಿಸಿ, ಆಹಾರ ಮತ್ತು ಸಗಣಿ ಮೂರು ದಿನ ಬಂದ್. ಸುಣ್ಣ ಆಮ್ಲಜನಕ ಕೊಡುತ್ತದೆ ಎಂಬುದು ಸುಳ್ಳು.

ಬಿಸಿಲೇರಿದ ಮೇಲೂ ಹಾಗೇ ಇದ್ದರೆ, ಅಥವಾ ಮೀನು ಸುತ್ತುತ್ತಾ ಹಾರಿ ಬಿದ್ದರೆ, ಮೇಲಿನ ಗದ್ದೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ವಿಚಾರಿಸಿ. ಭತ್ತ, ತರಕಾರಿಗೆ ಹೊಡೆಯುವ ಪೈರೆಥ್ರಾಯ್ಡ್ ಕೀಟನಾಶಕಗಳು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೇ ಪ್ರಾಣಾಂತಿಕ. ಕಬ್ಬಿನ ಸೀಮೆಯಲ್ಲಿ ಕಾಕಂಬಿ ಮಿಶ್ರಿತ ನೀರು ಹಳ್ಳಕ್ಕೆ ಬಂದರೆ ಅದು ಕೊಳೆಯುವಾಗ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ನೀರಿನ ಮಾದರಿಯನ್ನು ಸತ್ತ ಮೀನು ತೇಲುವ ಮುನ್ನ ತೆಗೆದಿಡಿ. ಪರಿಹಾರ ಕೇಳಲು ಅದಿಲ್ಲದೆ ದಾರಿಯಿಲ್ಲ.

ಮೀನಿನ ಮೈಮೇಲೆ ಹೇನು, ಕೆಂಪು ಹುಣ್ಣು ಕಂಡರೆ?

ಹೇನು ಗಟ್ಟಿ ವಸ್ತುವಿನ ಮೇಲೆ ಮೊಟ್ಟೆ ಇಡುತ್ತದೆ. ಬಿದಿರ ಗಳು, ಹಲಗೆ ನೀರಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ. ಔಷಧಿಗೆ ಮೊದಲು ಇದು. ಚಳಿಗಾಲದ ಕೆಂಪು ಹುಣ್ಣು ಶಿಲೀಂಧ್ರದ್ದು. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಅನ್ನು ಒಂದು ಮೀಟರ್ ಆಳದ ಹೆಕ್ಟೇರ್ ನೀರಿಗೆ ಒಂದು ಲೀಟರಿನಂತೆ ನೀರಲ್ಲಿ ಕದಡಿ ಎರಚುತ್ತಾರೆ. ದೊಡ್ಡ ಕೆರೆಗೆ ಔಷಧಿ ಹಾಕುವುದು ದುಡ್ಡಿನ ದಂಡ.

ಬಯೋಫ್ಲಾಕ್ ಟ್ಯಾಂಕ್ ಹಾಕಲೆ?

ಬಯೋಫ್ಲಾಕ್ ಎಂದರೆ ಟ್ಯಾಂಕಿನಲ್ಲಿ ಗಾಳಿ ಊದುತ್ತಾ, ಸೂಕ್ಷ್ಮಜೀವಿ ಬೆಳೆಸಿ, ಒತ್ತಾಗಿ ಮೀನು ಸಾಕುವುದು. ಕರೆಂಟು ಹೋಗಿ ಗಾಳಿ ಪಂಪು ಎರಡು ಗಂಟೆ ನಿಂತರೆ ಇಡೀ ಟ್ಯಾಂಕು ಸಾಯುತ್ತದೆ. ಜನರೇಟರು, ದಿನವೂ ಅಮೋನಿಯಾ ಪರೀಕ್ಷೆ, ಜೀವಂತ ಮೀನಿಗೆ ಗೊತ್ತಾದ ಗಿರಾಕಿ, ಈ ಮೂರೂ ಇದ್ದರೆ ಯೋಚಿಸಿ. ಹಿತ್ತಲಲ್ಲಿ ಖಾಲಿ ಬಿದ್ದು ಈಗ ದನಕ್ಕೆ ನೀರು ತುಂಬಿಸುವ ಟ್ಯಾಂಕುಗಳು ಊರೂರಲ್ಲಿವೆ. ಒಂದನ್ನು ನೋಡಿ ಬನ್ನಿ.

ಕೆಆರ್‌ಎಸ್, ಕಬಿನಿ ಹಿನ್ನೀರಲ್ಲಿ ಬಲೆ ಹೆಚ್ಚಾದಷ್ಟೂ ಮೀನು ಕಡಿಮೆಯಾಗುವುದೇಕೆ? ಮರಿ ಬಿಡುತ್ತಲೇ ಇದ್ದಾರಲ್ಲ?

ಇದಕ್ಕೆ ಒಂದು ಕೋಷ್ಟಕ ಮನಸ್ಸಲ್ಲಿಟ್ಟುಕೊಳ್ಳಿ. ಹಿನ್ನೀರಿನ ಒಂದು ಭಾಗದಲ್ಲಿ 20 ಹರಿಗೋಲು ಇದ್ದಾಗ ದಿನಕ್ಕೆ ತಲಾ 10 ಕೆಜಿ, ಒಟ್ಟು 200. 40 ಆದಾಗ ತಲಾ 7, ಒಟ್ಟು 280. 50 ಆದಾಗ ತಲಾ 5.7, ಒಟ್ಟು 285. 60ಕ್ಕೆ ತಲಾ 4.5, ಒಟ್ಟು 270. 80ಕ್ಕೆ ತಲಾ 3, ಒಟ್ಟು 240. ಕೆಜಿಗೆ 100 ರೂ., ಒಂದು ಹರಿಗೋಲಿನ ದಿನದ ಖರ್ಚು ಕೂಲಿ ಸೇರಿ 300 ರೂ. ಎಂದಿಡಿ. 40 ಹರಿಗೋಲಿನಲ್ಲಿ ಎಲ್ಲರಿಗೂ ಸೇರಿ ಮಿಗುವುದು 16,000 ರೂ. 50ರಲ್ಲಿ ಮೀನು ಅತಿ ಹೆಚ್ಚು, ಮಿಗುವುದು ಮಾತ್ರ 13,500. 60ರಲ್ಲಿ 9,000. 80ರಲ್ಲಿ ಸೊನ್ನೆ.

ಎಂಬತ್ತರವರೆಗೂ ಹೊಸಬರು ಏಕೆ ಇಳಿಯುತ್ತಾರೆ? ಇಳಿಯುವವನು ನೋಡುವುದು ತನ್ನ ಬಲೆಯ ಮೂರು ನಾಲ್ಕು ಕೆಜಿಯನ್ನು. ತಾನು ಇಳಿದದ್ದರಿಂದ ಉಳಿದವರ ಬಲೆಯಲ್ಲಿ ಸುಮಾರು ನೂರು ನೂರು ಗ್ರಾಂ ಕಡಿಮೆಯಾದದ್ದು ಅವನ ಲೆಕ್ಕಕ್ಕೆ ಬರುವುದಿಲ್ಲ. ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರಲ್ಲೇ ಇದನ್ನು ಬಿಡಿಸಿ ತೋರಿಸಿದರು: ಯಾರು ಬೇಕಾದರೂ ಇಳಿಯಬಹುದಾದ ನೀರಿನಲ್ಲಿ ಲಾಭ ಸೊನ್ನೆಯಾಗುವವರೆಗೂ ಜನ ಇಳಿಯುತ್ತಾರೆ. ಪರವಾನಗಿಗೆ ಮಿತಿ ಇರಬೇಕಾದದ್ದು ಈ ಕಾರಣಕ್ಕೆ. ಹೊಸ ಮರಿ ಬಿಟ್ಟರೆ ಮೇಲಿನ ಅಂಕಿಗಳೆಲ್ಲ ಸ್ವಲ್ಪ ಏರುತ್ತವೆ, ಅದನ್ನು ನೋಡಿ ಇನ್ನಷ್ಟು ಹರಿಗೋಲು ಬರುತ್ತವೆ, ಮತ್ತೆ ಸೊನ್ನೆ.

ಕೆಲಸಕ್ಕೆ ಬರುವ ಮಿತಿ ಸಂಘವೇ ಹಾಕಿಕೊಂಡದ್ದು: ಒಂದು ಹರಿಗೋಲಿಗೆ ಇಷ್ಟೇ ಬಲೆ, ವಾರಕ್ಕೆ ಒಂದು ದಿನ ಬಿಡುವು, ಮುಂಗಾರಿನ ಮೊಟ್ಟೆ ಕಾಲದಲ್ಲಿ ಹೊಳೆ ಬಂದು ಸೇರುವ ಬಾಯಲ್ಲಿ ಬಲೆ ಬೇಡ. ಪ್ರತಿ ಹರಿಗೋಲಿನ ದಿನದ ತೂಕವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಒಟ್ಟು ಮೀನು ಏರುತ್ತಿದ್ದರೂ ಒಂದು ಹರಿಗೋಲಿನ ಪಾಲು ಇಳಿಯುತ್ತಿದ್ದರೆ ಎಚ್ಚರಿಕೆಯ ಗಂಟೆ ಹೊಡೆದಂತೆ.

ಬಲೆಯ ಕಣ್ಣು ಎಷ್ಟಿರಬೇಕು?

ಗೆಂಡೆ ಜಾತಿಗೆ ನಾಲ್ಕು ಇಂಚಿಗೆ (100 ಮಿ.ಮೀ.) ಕಡಿಮೆ ಬೇಡ. ಕಣ್ಣನ್ನು ಎರಡೂ ಕಡೆ ಹಿಗ್ಗಿಸಿ ಗಂಟಿನಿಂದ ಗಂಟಿಗೆ ಅಳೆಯಬೇಕು. ಒಂದು ಬದಿ ಅಳೆದು ಎರಡು ಇಂಚೆಂದರೆ ಅದು ಹಿಗ್ಗಿಸಿದ ನಾಲ್ಕೇ, ಅಂಗಡಿಯಲ್ಲಿ ಗೊಂದಲವಾಗುವುದು ಇಲ್ಲಿಯೇ. 250 ಗ್ರಾಂ ಕಾಟ್ಲಾ ಕೆಜಿಗೆ 60ರಂತೆ 15 ರೂ.ಗೆ ಹೋಗುತ್ತದೆ. ಬಿಟ್ಟಿದ್ದರೆ ಮುಂದೆ ಒಂದು ಕೆಜಿಯಾಗಿ 120 ರೂ. ಎರಡರಲ್ಲಿ ಒಂದು ಸತ್ತರೂ ತಲಾ 60 ಬಿತ್ತು. ಸೊಳ್ಳೆ ಪರದೆಯ ಬಲೆ, ಕರೆಂಟು, ಸಿಡಿಮದ್ದು, ವಿಷ ಇವು ಅಪರಾಧ. ಕಂಡರೆ ಇಲಾಖೆಗೂ ಪೊಲೀಸರಿಗೂ ಒಟ್ಟಿಗೆ ತಿಳಿಸಿ.

ಯಾವಾಗ ಹಿಡಿದು ಮಾರಿದರೆ ಒಳ್ಳೆಯ ದರ?

ನಮ್ಮ ಮಾರುಕಟ್ಟೆಯ ಕಾಟ್ಲಾ, ರೋಹು ದರ ನಿಗದಿಯಾಗುವುದು ಆಂಧ್ರದಲ್ಲಿ, ಕೊಲ್ಲೇರು ಸುತ್ತಲಿನ ಕೊಳಗಳಲ್ಲಿ. ಅಲ್ಲಿಂದ ಐಸು ಹಾಕಿ ಬರುವ ಲಾರಿಯ ದರಕ್ಕಿಂತ ಕೆಳಗೆ ಇಳಿಸಿ ನೀವು ಗೆಲ್ಲುವುದಿಲ್ಲ. ನಿಮ್ಮ ಕೈಲಿರುವುದು ಒಂದೇ ಅಸ್ತ್ರ: ಅವರ ಮೀನಿಗೆ ಎರಡು ದಿನವಾಗಿರುತ್ತದೆ, ನಿಮ್ಮದು ಇನ್ನೂ ಒದ್ದಾಡುತ್ತಿರುತ್ತದೆ. ಭಾನುವಾರ ಬೆಳಗ್ಗೆ ಏರಿ ಮೇಲೆ ಜೀವಂತ ಮಾರಿದರೆ ಕೆಜಿಗೆ 30–40 ರೂ. ಹೆಚ್ಚು ಕೇಳಿದರೂ ಚೌಕಾಸಿ ಕಡಿಮೆ. ಮುದ್ದೆಗೆ ಸಾರು ಮಾಡುವವರಿಗೆ ಮುಕ್ಕಾಲರಿಂದ ಒಂದೂವರೆ ಕೆಜಿ ಮೀನು ಸಲೀಸು. ನಾಲ್ಕು ಕೆಜಿಯ ಕಾಟ್ಲಾ ಹೋಟೆಲಿಗೆ.

ಏಪ್ರಿಲ್, ಮೇನಲ್ಲಿ ಎಲ್ಲ ಕೆರೆಯೂ ಒಟ್ಟಿಗೆ ಬತ್ತುತ್ತವೆ, ದರ ಬೀಳುತ್ತದೆ. ಡಿಸೆಂಬರ್‌ನಿಂದಲೇ ದೊಡ್ಡದನ್ನು ಆರಿಸಿ ತೆಗೆಯುತ್ತಾ ಬನ್ನಿ. ಜಾಗ ಖಾಲಿಯಾಗಿ ಉಳಿದದ್ದೂ ಬೇಗ ಬೆಳೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೈಸೂರಿಗೆ ಬಂಗುಡೆ, ಬೂತಾಯಿ ಕಡಿಮೆಯಾಗಿ ಸಿಹಿನೀರಿನ ಮೀನಿಗೆ ಕೇಳುವವರು ಹೆಚ್ಚುತ್ತಾರೆ. ಆ ಎರಡು ತಿಂಗಳಿಗೆ ಕೊಳದಲ್ಲಿ ಒಂದಿಷ್ಟು ಉಳಿಸಿಕೊಂಡವರು ಜಾಣರು. ಅದರ ಬೆನ್ನಿಗೇ ಶ್ರಾವಣ ಬರುತ್ತದೆ, ಅರ್ಧ ಊರು ಮೀನು ಮುಟ್ಟುವುದಿಲ್ಲ. ಕಾರ್ತಿಕದಲ್ಲೂ ಹಾಗೆಯೇ. ಪಿತೃಪಕ್ಷದಲ್ಲಿ ಬೇಡಿಕೆ ಏರುತ್ತದೆ. ವರ್ಷತೊಡಕನ್ನು ನಂಬಬೇಡಿ, ಅಂದು ಕುರಿಯದೇ ರಾಜ್ಯ.

ದೂರ ಕಳಿಸುವುದಾದರೆ ಬೇಸಿಗೆಯಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಪುಡಿ ಐಸು, ತಳಕ್ಕೊಂದು ಪದರ, ನಡುನಡುವೆ, ಮೇಲೊಂದು. ಕರಗಿದ ನೀರು ಹೊರಹೋಗಲು ಕ್ರೇಟಿನಲ್ಲಿ ತೂತಿರಲಿ. ಐಸು ಉಳಿಸಲು ಹೋಗಿ ಕೆಜಿಗೆ 20 ರೂ. ದರ ಕಳೆದುಕೊಳ್ಳುವುದು ಮಾಮೂಲು. ಮಂಡಿಯಲ್ಲಿ ತೂಕದ ಕಡಿತ, ಕಮಿಷನ್ ಎರಡನ್ನೂ ಲಾರಿ ಹೊರಡುವ ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಿ.

ಸಾಲ, ಸಹಾಯಧನ ಏನಿದೆ?

2018–19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಉಂಟು. ಗಡುವಿನೊಳಗೆ ಕಟ್ಟಿದರೆ ಬಡ್ಡಿ ವರ್ಷಕ್ಕೆ ನೂರಕ್ಕೆ 4ಕ್ಕೆ ಇಳಿಯುತ್ತದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕೊಳ ತೋಡಲು, ವಾಹನಕ್ಕೆ, ಐಸ್ ಪೆಟ್ಟಿಗೆಗೆ ಘಟಕ ವೆಚ್ಚದ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ನೂರಕ್ಕೆ 60 ಸಹಾಯಧನ. ಅದು ಸಾಮಾನ್ಯವಾಗಿ ಕೆಲಸ ಮುಗಿದು, ಅಧಿಕಾರಿಗಳು ನೋಡಿದ ಮೇಲೆ ಬರುವ ಹಣ. ಸಹಾಯಧನ ನಂಬಿ ಕೈಸಾಲ ಎತ್ತಿದರೆ ಬಡ್ಡಿಯೇ ಅದನ್ನು ತಿಂದುಬಿಡುತ್ತದೆ. ನೀರಿಗಿಳಿಯುವವರಿಗೆಲ್ಲ ಅದೇ ಯೋಜನೆಯ ಅಪಘಾತ ವಿಮೆ ಮಾಡಿಸಿ. ಸಾವಿಗೆ 5 ಲಕ್ಷ ರೂ. ಪರಿಹಾರವಿದೆ.

ಗುತ್ತಿಗೆಯ ಕೊನೆಯ ವರ್ಷ ಮರಿ ಬಿಡಬೇಕೆ?

ಬಹಳ ಜನ ಬಿಡುವುದಿಲ್ಲ. ಇದ್ದಬದ್ದ ಮರಿ ಸಮೇತ ಬಾಚಿಕೊಂಡು ಹೋಗುತ್ತಾರೆ. ಹೊಸದಾಗಿ ಹಿಡಿದವರಿಗೆ ಮೊದಲ ವರ್ಷ ಬರೀ ಜಿಲೇಬಿ. ಇದನ್ನು ಬಲ್ಲ ಪಂಚಾಯಿತಿಗಳು ಒಂದೊಂದೇ ವರ್ಷಕ್ಕೆ ಕೊಡುವುದನ್ನು ಬಿಟ್ಟು ಐದು ವರ್ಷಕ್ಕೆ ಕೊಡಬೇಕು, ಕೊನೆಯ ವರ್ಷದ ಮರಿ ಬಿತ್ತನೆಗೆ ಪಿಡಿಒ ಎದುರು ಪಂಚನಾಮೆ ಮಾಡಿಸಬೇಕು, ಠೇವಣಿಯನ್ನು ಅದಕ್ಕೆ ಗಂಟು ಹಾಕಬೇಕು. ನಿಮ್ಮ ಲೆಕ್ಕ ಸುಲಭ: ಮರಿ ಜುಲೈ, ಆಗಸ್ಟ್‌ನಲ್ಲೇ ಬಿದ್ದು, ಗುತ್ತಿಗೆ ಮುಗಿಯುವ ಮುಂಚೆ ಎಂಟು ತಿಂಗಳ ನೀರು ಸಿಗುವುದಾದರೆ ಬಿಡಿ. ಅಕ್ಟೋಬರ್ ದಾಟಿದರೆ ಕಾಟ್ಲಾ ಬೇಡ, 150 ಮಿ.ಮೀ. ಮೀರಿದ ಸಾಮಾನ್ಯ ಗೆಂಡೆ ಸಿಕ್ಕರೆ ಅರ್ಧದಷ್ಟು ಬಿಡಿ. ಬಿಟ್ಟ ದಿನದ ಪಂಚನಾಮೆಯ ಪ್ರತಿ ನಿಮ್ಮಲ್ಲಿರಲಿ. ಮುಂದಿನ ಹರಾಜಿನ ಹೊತ್ತಿಗೆ ಕೆರೆಯಲ್ಲಿ ಎಷ್ಟು ಮೀನಿದೆ ಎಂದು ಅಂದಾಜು ಹೇಳಬಲ್ಲವರು ನೀವೊಬ್ಬರೇ ಆಗಿರುತ್ತೀರಿ.